ಚಿಗರಿಮಡ್ಡಿಗೆ ಹಾಕಿದ ಆಣೆ

ಮೊದಲಿಗೇ ಓದುವವರ ಕ್ಷಮೆ ಕೇಳುತ್ತೇನೆ. ನನ್ನ ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು. ಕನ್ನಡ ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವಳಿಗೆ ದೊಡ್ಡ ಮಾತುಗಳೂ ಬರುವುದಿಲ್ಲ. ಒಂದೊಂದು ಸಾಲನ್ನೂ ಪಾಟಿಯ ಮೇಲೆ ಬರೆದು, ಅಡಿವೆವ್ವನಿಗೆ ಓದಿ ಹೇಳಿ, ಅವಳು ಹೌದೆಂದ ಮೇಲೆಯೇ ಕಾಗದಕ್ಕೆ ಇಳಿಸಿದ್ದೇನೆ. ತಪ್ಪು ಕಂಡರೆ ಅದು ನನ್ನದು, ಅವಳದಲ್ಲ.

ಅಡಿವೆವ್ವನ ಊರು ಮಡ್ಡಿಕೊಪ್ಪ. ಹುಲಗೂರಿನಿಂದ ಸವಣೂರಿಗೆ ಹೋಗುವ ಬಂಡಿದಾರಿಯ ಬದಿಗೆ ಸಿಗುವ ಸಣ್ಣ ಹಳ್ಳಿ. ಅವಳು ಹುಟ್ಟಿದ್ದು ಪ್ಲೇಗಿನ ಕಾಲದಲ್ಲಿ. ಜನವೆಲ್ಲ ಮನೆ ಬಿಟ್ಟು ಊರ ಹೊರಗೆ ಗುಡಿಸಲು ಹಾಕಿಕೊಂಡಿದ್ದರಂತೆ. ಅವಳ ಅವ್ವನಿಗೆ ಹೆರಿಗೆಯಾದದ್ದು ಹುಲ್ಲಿನ ಬಣವೆಯ ಮರೆಯಲ್ಲಿ. “ನನ್ನ ತೊಟ್ಟಿಲಾನೂ ಹುಲ್ಲು, ಹಾಸಗೀನೂ ಹುಲ್ಲು. ಸತ್ತಾಗ ಮ್ಯಾಲ ಒಂದ ಹೊರಿ ಒಗದ್ರ ಮುಗೀತು,” ಎಂದು ಈಗಲೂ ಹೇಳಿ ನಗುತ್ತಾಳೆ.

ಊರಿನ ಬಡಗಣ ಬದಿಗೆ ಚಿಗರಿಮಡ್ಡಿ. ಕಲ್ಲುಮಣ್ಣಿನ ಎತ್ತರದ ನೆಲ. ಅಲ್ಲಿ ದೊಡ್ಡ ಗಿಡ ನಿಲ್ಲುವುದಿಲ್ಲ, ಹುಲ್ಲು ಬಿಟ್ಟುಹೋಗುವುದಿಲ್ಲ. ಮುಂಗಾರು ಹಿಡಿದು ಮಿರಗದ ಮಳೆ ಬಿದ್ದರೆ ಸಾಕು, ನೆಲ ಹಸಿರಾಗುತ್ತದೆ. ದಸರೆಯ ಹೊತ್ತಿಗೆ ಮೊಣಕಾಲ ಮಟ್ಟ ಬಂದು ಗಾಳಿಗೆ ಕೆರೆಯ ನೀರಿನಂತೆ ತೂಗುತ್ತದೆ. ಸಂಕ್ರಾಂತಿಗೆ ಹೊಂಬಣ್ಣ. ಚಿಗರಿಗಳು, ಅಂದರೆ ಜಿಂಕೆಗಳು, ಹಿಂಡುಗಟ್ಟಿ ಮೇಯುತ್ತವೆ. ಕಾಲಿಟ್ಟಲ್ಲಿ ಪುರ್ರೆಂದು ಏಳುವ ಹಕ್ಕಿಗಳು ಹುಲ್ಲಿನ ಬುಡದಲ್ಲಿಯೇ ಮೊಟ್ಟೆ ಇಟ್ಟಿರುತ್ತವೆ. ಅಡಿವೆವ್ವ ಕುಡಗೋಲು ಹಾಕುವ ಮೊದಲು ಎಡಗೈಯಿಂದ ಹುಲ್ಲು ಸರಿಸಿ ನೋಡುತ್ತಾಳೆ. ಗೂಡು ಕಂಡರೆ ಅಷ್ಟು ಜಾಗ ಬಿಟ್ಟು ಮುಂದೆ ಹೋಗುತ್ತಾಳೆ. ಇದನ್ನು ಅವಳಿಗೆ ಅವಳ ಅವ್ವ ಕಲಿಸಿದ್ದು.

ಮಡ್ಡಿಯ ನಟ್ಟನಡುವೆ ಒಂದು ಗಡಿಕಲ್ಲು ಇದೆ. ಆಗ ಕಲ್ಲಿನ ಈಚೆಗೆ ಇಂಗ್ರೇಜಿ ಸರಕಾರದ ನೆಲ, ಜನ ಅದನ್ನು ಖಾಲಸಾ ಎನ್ನುತ್ತಿದ್ದರು. ಆಚೆಗೆ ಸವಣೂರು ಸಂಸ್ಥಾನ. ಈಚೆಯದು ಮಡ್ಡಿಕೊಪ್ಪದ ಗಾಯರಾಣ, ಅಂದರೆ ಊರ ದನ ಮೇಯಲು ಬಿಟ್ಟ ನೆಲ. ಆಚೆಯ ಹುಲ್ಲು ಸವಣೂರಿನ ಟಾಂಗಾದವರಿಗೆ. ಕಲ್ಲು ನೆಟ್ಟವರಿಗೆ ಎರಡು ಸರಕಾರ ಕಂಡವು. ಹುಲ್ಲಿಗೆ ಒಂದೂ ಕಾಣಲಿಲ್ಲ, ಅದು ಎರಡೂ ಕಡೆ ಒಂದೇ ತೆರನಾಗಿ ಬೆಳೆಯಿತು.

ಅಡಿವೆವ್ವನ ಸಂಸಾರ ನಡೆದದ್ದು ಈ ಹುಲ್ಲಿನ ಮೇಲೆ. ಗಂಡ ಮಾರೆಪ್ಪ ಮನೆಗಳಿಗೆ ಹುಲ್ಲು ಹೊದಿಸುವವನು. ಕಡಿಮೆ ಮಾತಿನ ಮನುಷ್ಯ, ಚಾವಣಿಯ ಮೇಲೆ ಕುಳಿತರೆ ಹಕ್ಕಿಯ ಹಾಗೆ ಕುಳಿತಿರುತ್ತಿದ್ದ. ಅಡಿವೆವ್ವ ಹುಲ್ಲು ಕೊಯ್ದು, ಅವನಿಗೆ ಬೇಕಾದ ಉದ್ದದ ಹುಲ್ಲನ್ನು ಬೇರೆ ಮಾಡಿ, ಮೆತ್ತಗಿನದನ್ನು ಹೊರೆ ಕಟ್ಟಿ ತಲೆಯ ಮೇಲೆ ಸಿಂಬಿ ಇಟ್ಟು ಸವಣೂರಿಗೆ ಹೊರಡುತ್ತಿದ್ದಳು. ವೀಳ್ಯದೆಲೆ ತೋಟಗಳ ನೆರಳು ದಾಟಿ ಟಾಂಗಾ ಅಡ್ಡೆ ಮುಟ್ಟುವ ಮೊದಲೇ ಕುದುರೆಗಳು ಅವಳ ವಾಸನೆ ಹಿಡಿದು ಕೆನೆಯುತ್ತಿದ್ದವು. ಅಡ್ಡೆಯಲ್ಲಿ ಮಜೀದ ಎಂಬ ಹರೆಯದ ಟಾಂಗಾದವನೊಬ್ಬನಿದ್ದ. “ನೋಡಬೇ ಅಕ್ಕಾ, ನನ್ನ ಕುದುರಿ ನನ್ನ ಹೇಣ್ತಿಗಿಂತಾ ನಿನ್ನ ದಾರಿನ ಹೆಚ್ಚ ಕಾಯ್ತೈತಿ,” ಎನ್ನುತ್ತಿದ್ದ.

“ಹೇಣ್ತಿಗೂ ಒಂದ ಹೊರಿ ಹುಲ್ಲ ಹಾಕ, ಆಕೀನೂ ಕಾಯ್ತಾಳ,” ಎಂದು ಅಡಿವೆವ್ವ ಹೊರೆ ಇಳಿಸುತ್ತಿದ್ದಳು.

ಇಷ್ಟು ಚೆನ್ನಾಗಿದ್ದ ಬಾಳಿಗೆ ವರ್ಷಕ್ಕೊಮ್ಮೆ ಒಂದು ಜಗಳ ಬರುತ್ತಿತ್ತು. ಅದರ ಹೆಸರು ಮಾಳಪ್ಪ. ಅವನು ಹಿರೇಕೆರೂರು ಸೀಮೆಯ ಕುರಿಗಾರ. ರಟ್ಟೀಹಳ್ಳಿಯ ಹತ್ತಿರ ಅವನ ಹಟ್ಟಿ. ಆರಿದ್ರಾ ಮಳೆ ಹಿಡಿಯುತ್ತಲೇ ಆ ಕಡೆ ನೆಲ ಕೆಸರಾಗುತ್ತದೆ. ಕೆಸರಿನಲ್ಲಿ ನಿಂತರೆ ಕುರಿಯ ಗೊರಸು ಕೊಳೆಯುತ್ತದೆ. ಅದಕ್ಕೆ ಅವನು ಅಪ್ಪನ ಕಾಲದಿಂದಲೂ ಮಂದೆ ಹೊಡೆದುಕೊಂಡು ಮೂಡಲಿನ ಒಣನೆಲಕ್ಕೆ ಹೋಗುತ್ತಿದ್ದ. ದಾರಿಯಲ್ಲಿ ಚಿಗರಿಮಡ್ಡಿಯಲ್ಲಿ ತಂಗುತ್ತಿದ್ದ. ಕುರಿಗಳು ಎಳೆಯ ಹುಲ್ಲನ್ನು ಬುಡಕ್ಕೆ ಮೇಯ್ದು, ಹಿಕ್ಕೆ ಉದುರಿಸಿ, ಮುಂದೆ ಹೋಗುತ್ತಿದ್ದವು. ಬೋಳಾದ ನೆಲ ನೋಡಿದರೆ ಅಡಿವೆವ್ವ ದಾರಿಗೇ ಬಂದು ಕೂಗಾಡುತ್ತಿದ್ದಳು.

“ಏ ಮಾಳಪ್ಪಾ, ಕುರಿ ತಂದೀಯೋ, ಬೆಳೀ ತಿನ್ನೂ ಮಿಡಚಿ ತಂದೀಯೋ?”

“ಮಿಡಚಿ ಆಗಿದ್ರ ಹಾರಿ ಹೋಗ್ತಿದ್ವಲ್ಲಬೇ ಯವ್ವಾ, ನಿನ್ನ ಬಾಯಿ ಕೇಳೂದ ತಪ್ತಿತ್ತು.”

ಇದು ಪ್ರತಿ ವರ್ಷದ ಮಾತು. ಮಾಳಪ್ಪ ಹೋದ ಮೇಲೆ ಹುಲ್ಲು ಮತ್ತೆ ಬರುತ್ತಿತ್ತು, ಜಗಳ ಮರೆತುಹೋಗುತ್ತಿತ್ತು.

ದೊಡ್ಡ ಯುದ್ಧ ನಡೆದಿದ್ದ ಕಾಲ. ಜೋಳ ರೇಶನ್ನಿಗೆ ಬಂದಿತ್ತು. ಹೆಚ್ಚು ಧಾನ್ಯ ಬೆಳೆಯಿರಿ, ಬೀಳುನೆಲವನ್ನೆಲ್ಲ ಉತ್ತು ಬಿತ್ತಿರಿ ಎಂದು ಸರಕಾರ ಸಾರುತ್ತಿತ್ತು. ಒಂದು ದಿನ ಶಿಗ್ಗಾಂವಿಯಿಂದ ತಾಲೂಕಿನ ಅಧಿಕಾರಿಯಾದ ಮಾಮಲೇದಾರರು ಕುದುರೆ ಹತ್ತಿ ಬಂದರು. ಅವರ ಹಿಂದೆ ನೆರೆಯೂರಿನ ದೊಡ್ಡ ರೈತನೊಬ್ಬ, ಮಡ್ಡಿಯನ್ನು ತನ್ನ ಸಾಗುವಳಿಗೆ ಕೊಡಿರೆಂದು ಅರ್ಜಿ ಹಾಕಿದವನು. ಬೇಸಿಗೆಯ ಕೊನೆ, ಮಡ್ಡಿ ಒಣಗಿ ಹಳದಿ ನೆಲವಾಗಿತ್ತು.

“ಇದು ಬೀಳು ಬಿದ್ದದ. ಊಳಲಿಕ್ಕೆ ಕೊಡಬೇಕಾಗ್ತದ,” ಎಂದರು ಮಾಮಲೇದಾರರು.

ಊರಿನ ಗಂಡಸರು ಕೈಕಟ್ಟಿ ನಿಂತಿದ್ದರು. ಅಡಿವೆವ್ವ ಸೆರಗು ಹೊದ್ದು ಹಿಂದಿನಿಂದಲೇ ಕೂಗಿದಳು: “ಸಾಹೇಬ್ರ, ಇದು ಬೀಳಲ್ರೀ. ಮಲಗೇತಿ. ಮಳಿ ಬಂದ್ರ ಏಳತೈತಿ.”

ಮಾಮಲೇದಾರರು ಒಳ್ಳೆಯವರೇ. ಅವಳನ್ನು ಗದರಿಸಲಿಲ್ಲ. “ಎದ್ದದ್ದನ್ನ ನನಗ ತೋರಸ್ರಿ. ಹುಲ್ಲಿನಿಂದ ನಾಲ್ಕು ಮಂದಿಗೆ ಉಪಯೋಗ ಅದ ಅಂತ ಕಂಡ್ರ ವಿಚಾರ ಮಾಡೋಣ. ಈ ಅರ್ಜಿ ತಡೆದಿಡತೀನಿ. ಮೂರನೇ ವರ್ಷ ದಸರಾ ಆದ ಮ್ಯಾಲೆ ಮತ್ತ ಬರತೀನಿ,” ಎಂದು ಹೇಳಿ ಹೋದರು.

ಅಂದು ರಾತ್ರಿ ಅಡಿವೆವ್ವ ಉಣ್ಣಲಿಲ್ಲ. ನೇಗಿಲು ಒಮ್ಮೆ ಬಿದ್ದರೆ ಆ ಹುಲ್ಲಿನ ಬೇರು ಮತ್ತೆ ಕೂಡುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಅವಳ ಅವ್ವ ಕೊಯ್ದ ಹುಲ್ಲು, ಅವಳು ಕೊಯ್ದ ಹುಲ್ಲು. ಅದು ಹೋದರೆ ಊರ ದನ ಎಲ್ಲಿ, ಮಾರೆಪ್ಪನ ಚಾವಣಿ ಎಲ್ಲಿ, ಸವಣೂರಿನ ಕುದುರೆಗಳಿಗೆ ಏನು?

ಮರುದಿನ ಅವಳು ಬರಿಗೈಯಲ್ಲಿ ಸವಣೂರಿಗೆ ನಡೆದಳು. ಹೊರೆ ಇಲ್ಲದ ಅಡಿವೆವ್ವನನ್ನು ಕಂಡು ಅಡ್ಡೆಯವರೆಲ್ಲ ಯಾರೋ ಸತ್ತಿರಬೇಕೆಂದು ಎದ್ದು ನಿಂತರು. ಅವಳು ಎಲ್ಲ ಹೇಳಿದಳು. “ನಮ್ಮ ಕಡೀ ಮಡ್ಡಿ ಊಳಿದ್ರ ನಿಮ್ಮ ಕಡೀದೂ ಉಳ್ಯಾಂಗಿಲ್ಲ. ಕಲ್ಲ ದಾಟೂದು ನೇಗಲಿಗೆ ಏನ್ ದೊಡ್ಡದು?”

ಹೀಗೆ ಮೊದಲ ಸಲ ಮಡ್ಡಿಕೊಪ್ಪದ ಹುಲ್ಲಿನ ಹೆಂಗಸರೂ ಸವಣೂರಿನ ಟಾಂಗಾದವರೂ ಗಡಿಕಲ್ಲಿನ ಸುತ್ತ ಕೂಡಿದರು. ಖಾಲಸಾದವರು ಈಚೆ, ಸಂಸ್ಥಾನದವರು ಆಚೆ, ವೀಳ್ಯದ ತಬಕು ಕಲ್ಲಿನ ಮೇಲೆ. ದಸರೆಗೆ ಮುಂಚೆ ಯಾರೂ ಕುಡಗೋಲು ಹಾಕಬಾರದು, ದನ ಬಿಡಬಾರದು. ಬೇಸಿಗೆಯಲ್ಲಿ ಯಾರೂ ಬೆಂಕಿ ಇಡಬಾರದು. ಕಾಯಲು ಆ ಕಡೆಯವರೊಬ್ಬರು, ಈ ಕಡೆಯವರೊಬ್ಬರು. ಟಾಂಗಾದವರ ಹಿರಿಯ ಮಕ್ತುಮಸಾಬ ಸಂಸ್ಥಾನದ ಕಚೇರಿಯಿಂದ ಒಪ್ಪಿಗೆ ತರುವುದು. ಎಲ್ಲವೂ ಹೊಂದಿತು.

“ಮತ್ತ ಕುರಿ ಬಿಡಬಾರದು,” ಎಂದಳು ಅಡಿವೆವ್ವ.

ಮಾರೆಪ್ಪ ಬಾಯಿ ತೆರೆದ. “ಮಾಳಪ್ಪ ಅಪ್ಪನ ಕಾಲದಿಂದ ಬರಾಕತ್ತಾನ. ಅವನ್ನ ಒಂದ ಮಾತ ಕೇಳೂಣೇನ?”

“ನೀ ಚಾವಣಿ ಮ್ಯಾಲ ಮಾತಾಡ. ಇಲ್ಲಿ ನಾವ ಮಾತಾಡ್ತೇವಿ,” ಎಂದಳು. ಎಲ್ಲರೂ ನಕ್ಕರು. ಕುರಿಗಾರರನ್ನು ಕೇಳುವ ಮಾತು ಆ ನಗೆಯಲ್ಲಿ ಮುಚ್ಚಿಹೋಯಿತು.

ಆರಿದ್ರಾ ಮಳೆಗೆ ಮಾಳಪ್ಪ ಬಂದ. ಹೆಗಲ ಮೇಲೆ ಕಂಬಳಿ, ಮುಂದೆ ದೊಡ್ಡ ಟಗರು, ಹಿಂದೆ ಮಂದೆ. ಮಡ್ಡಿಯ ಅಂಚಿನಲ್ಲಿ ಅಡಿವೆವ್ವ ದಾರಿಗೆ ಅಡ್ಡ ನಿಂತಿದ್ದಳು. “ಒಂದ ಕುರಿ ಕಾಲ ಇಟ್ರ ಕಾಲ ಮುರೀತೇನಿ,” ಎಂದಳು. ಮಾಳಪ್ಪ ಎಂದಿನ ಜಗಳವೆಂದು ತಿಳಿದು ನಕ್ಕ. ಆಗ ಅವಳು ಸೆರಗಿನ ಗಂಟು ಬಿಚ್ಚಿದಳು. ಬೀರಪ್ಪನ ಗುಡಿಯಿಂದ ತಂದ ಭಂಡಾರ, ಹಳದಿ ಪುಡಿ. ಅದನ್ನು ದಾರಿಗೆ ಅಡ್ಡಲಾಗಿ ಗೆರೆ ಎಳೆದು ಚೆಲ್ಲಿ, “ಬೀರಪ್ಪನ ಆಣಿ, ಈ ಗೆರಿ ದಾಟಿ ನಿನ್ನ ಕುರಿ ಬರಬಾರದು,” ಎಂದಳು.

ಮಾಳಪ್ಪನ ನಗೆ ನಿಂತಿತು. ಬೀರಪ್ಪ ಕುರಿಗಾರರ ಮನೆದೇವರು. ಅವನ ಭಂಡಾರದ ಆಣೆಯನ್ನು ದಾಟುವ ಕುರಿಗಾರ ಆ ಸೀಮೆಯಲ್ಲಿ ಹುಟ್ಟಿರಲಿಲ್ಲ. ಗಾಳಿ ಬಂದು ಪುಡಿ ಹಾರಿಹೋಗಬಹುದು, ಮಳೆ ತೊಳೆಯಬಹುದು, ಆಣೆ ಹೋಗುವುದಿಲ್ಲ. ಅವನು ಟಗರಿನ ಕೊಂಬು ಹಿಡಿದು ತಿರುಗಿಸಿ, ಬಂದ ದಾರಿಯಲ್ಲೇ ಹೋದ. ಅವನು ಬೈದಿದ್ದರೆ ಚೆನ್ನಾಗಿತ್ತು ಎಂದು ಅಡಿವೆವ್ವನಿಗೆ ಆಗಲೇ ಒಮ್ಮೆ ಅನಿಸಿತಂತೆ. ಆದರೆ ಹಿಂದೆ ನಿಂತ ಹೆಂಗಸರು ಚಪ್ಪಾಳೆ ತಟ್ಟಿದರು, ಅನಿಸಿದ್ದು ಹಾರಿಹೋಯಿತು.

ಆ ವರ್ಷ ಹುಲ್ಲೋ ಹುಲ್ಲು! ಸೊಂಟದ ಮಟ್ಟ ನಿಂತಿತು. ಮಾರೆಪ್ಪ ಊರಿಗೆಲ್ಲ ಹೊಸ ಚಾವಣಿ ಹೊದಿಸಿದ. ಬಣವೆಗಳು ಗುಡಿಯ ಗೋಪುರದಂತೆ ಎದ್ದವು. “ನೋಡ್ರಿ, ಕುರಿ ಬರಲಿಲ್ಲಂದ್ರ ಹೆಂಗೈತಿ!” ಎಂದು ಅಡಿವೆವ್ವ ಕಂಡಕಂಡವರಿಗೆ ಹೇಳಿದಳು.

ಎರಡನೆಯ ವರ್ಷ ಮಡ್ಡಿಯ ಬಣ್ಣ ಬೇರೆಯಾಯಿತು. ಕಳೆದ ವರ್ಷ ಕೊಯ್ಯದೆ ಉಳಿದ ಹುಲ್ಲು ಕೊಳೆತು ಚಾಪೆಯ ಹಾಗೆ ನೆಲ ಮುಚ್ಚಿತ್ತು. ಅದರ ಕೆಳಗೆ ಮೆತ್ತಗಿನ ಕರಕಿ ಹುಲ್ಲು ಬಿಸಿಲು ಕಾಣದೆ ಬೆಳ್ಳಗಾಗಿ ಸತ್ತಿತು. ಚಾಪೆಯನ್ನು ಸೀಳಿ ಮೇಲೆ ಬಂದದ್ದು ಕರಡ ಒಂದೇ. ಕರಡ ಎಂದರೆ ಒರಟು ಹುಲ್ಲು. ಎಳೆಯದಿದ್ದಾಗ ಮಾತ್ರ ಮೇವು, ತೆನೆ ಕಟ್ಟಿದರೆ ಅದರ ಬೀಜಕ್ಕೆ ಸೂಜಿಯಂಥ ಮುಳ್ಳು. ಆ ಮುಳ್ಳು ಸೀರೆಗೆ, ಕಾಲಿಗೆ, ಕೊಯ್ಯುವವರ ಬೆರಳಿಗೆ. ಹಕ್ಕಿಗಳು ಕಡಿಮೆಯಾದವು. ಚಿಗರಿಗಳು ಮಡ್ಡಿ ಬಿಟ್ಟು ಹೊಲಗಳಿಗೆ ಬೀಳತೊಡಗಿದವು.

ಅಡಿವೆವ್ವ ಕಂಡೂ ಕಾಣದಂತಿದ್ದಳು. ಮಜೀದ ಬಿಡಲಿಲ್ಲ. ಒಂದು ದಿನ ಟಾಂಗಾವನ್ನು ಅವಳ ಮನೆಯ ಮುಂದೆಯೇ ತಂದು ನಿಲ್ಲಿಸಿದ. “ಒಳಗ ಬರೂದಿಲ್ಲಕ್ಕಾ. ನೀನ ಹೊರಗ ಬಾ. ನನ್ನ ಕುದುರಿ ಬಾಯಿ ನೋಡ.”

ಕುದುರೆಯ ತುಟಿ ಅಗಲಿಸಿ ತೋರಿಸಿದ. ನಾಲಗೆಯ ಕೆಳಗೆ, ವಸಡಿನಲ್ಲಿ ಮುಳ್ಳು ಚುಚ್ಚಿ ಹುಣ್ಣುಗಳಾಗಿದ್ದವು. ಕುದುರೆ ಅಡಿವೆವ್ವನನ್ನು ಕಂಡು ಕೆನೆಯಲಿಲ್ಲ; ಮುಖ ಆಚೆಗೆ ಹೊರಳಿಸಿತು. ಅವಳು ಬಾಗಿಲ ಹೊಸ್ತಿಲ ಮೇಲೆ ಕುಳಿತುಬಿಟ್ಟಳು.

ಮರುದಿನ ಅವಳು ಮಡ್ಡಿಯ ಮೂಲೆಮೂಲೆಯನ್ನೂ ತಿರುಗಿದಳು. ಬಂಡಿದಾರಿಯ ಮಗ್ಗುಲಲ್ಲಿ ಒಂದು ತುಂಡು ನೆಲ ಮಾತ್ರ ಹಸಿರಾಗಿ, ಹತ್ತಿಯ ಹಾಗೆ ಮೆತ್ತಗಿತ್ತು. ಹುಲಗೂರಿನ ದರ್ಗಾಕ್ಕೆ ಹೋಗುವ ಬಂಡಿಯವರು ಅಲ್ಲಿ ಕೊಳ್ಳಹರಿದು ಎತ್ತುಗಳನ್ನು ಬಿಡುತ್ತಿದ್ದರು. ಎತ್ತುಗಳು ಎಳೆಯ ಹುಲ್ಲನ್ನು ಮೇಯ್ದು, ತುಳಿದು, ಸಗಣಿ ಹಾಕಿ ಹೋಗಿದ್ದವು. ಕಾಯುವವರು ಉರುಸಿನ ಬಂಡಿಗಳಿಗೆ ಬೇಡವೆಂದಿರಲಿಲ್ಲ. ಆ ಹಸಿರಿನ ನಡುವೆ ಒಂದು ಹಕ್ಕಿಯ ಗೂಡೂ ಇತ್ತು.

ಅವಳು ಬಗ್ಗಿ ಆ ಹುಲ್ಲನ್ನು ಬೆರಳಿನಿಂದ ಸವರಿದಳು. ಪ್ರತಿ ವರ್ಷ ಬೋಳು ಮಾಡಿ ಹೋಗುತ್ತಿದ್ದವನು ಮಾಳಪ್ಪ. ಅವನು ಹೋದ ಮೇಲೆ ಬರುತ್ತಿದ್ದ ಹುಲ್ಲನ್ನೇ ಅಲ್ಲವೆ ತಾನು ಇಷ್ಟು ವರ್ಷ ಕೊಯ್ದದ್ದು? ಕರಡವನ್ನು ಎಳೆಯದರಲ್ಲೇ ಕಡಿದು, ಕರಕಿಗೆ ಬಿಸಿಲು ಬಿಡುತ್ತಿದ್ದವು ಅವನ ಕುರಿಗಳು. ಮಡ್ಡಿಯನ್ನು ಉಳಿಸುತ್ತೇನೆಂದು ಹೋಗಿ ಅದನ್ನು ಉಳಿಸುತ್ತಿದ್ದವನನ್ನೇ ಅಟ್ಟಿದ್ದಳು. ಮುಂದಿನ ವರ್ಷ ದಸರೆ ಮುಗಿದರೆ ಮಾಮಲೇದಾರರು ಬರುತ್ತಾರೆ. ಅವರಿಗೆ ತೋರಿಸಲು ಮುಳ್ಳು ಬಿಟ್ಟರೆ ಏನಿದೆ?

ಹೇಳಿಕಳಿಸಿದರೆ ಮಾಳಪ್ಪ ಬರುವಂತಿರಲಿಲ್ಲ. ಹಾಕಿದ ಆಣೆಯನ್ನು ಹಾಕಿದವರೇ ಬಿಡಿಸಬೇಕು. ಅದಕ್ಕೊಂದು ರೀತಿ ಇದೆ: ಆಣೆ ಹಾಕಿದವರು ಆಣೆಗೆ ಒಳಗಾದವರ ಮನೆಗೆ ಹೋಗಬೇಕು, ಅವರ ಮನೆಯ ರೊಟ್ಟಿ ಮುರಿಯಬೇಕು. ರೊಟ್ಟಿಯನ್ನು ಕೇಳುವಂತಿಲ್ಲ. ಅವರಾಗಿಯೇ ಉಣ್ಣು ಎನ್ನಬೇಕು. ಅನ್ನದಿದ್ದರೆ ಹಸಿದುಕೊಂಡು ತಿರುಗಿ ಬರಬೇಕು.

“ಅಂವ ಉಣ್ಣ ಅನ್ಲಿಲ್ಲಂದ್ರ?” ಎಂದು ಗಂಡನನ್ನು ಕೇಳಿದಳು.

“ಬುತ್ತಿ ಕಟಗೊಂಡ ಹೋಗ. ಬರೂ ದಾರ್ಯಾಗ ತಿನ್ನಾಕ ಆಕ್ಕೈತಿ,” ಎಂದ ಮಾರೆಪ್ಪ. ಇಷ್ಟು ವರ್ಷಕ್ಕೆ ಒಂದು ಮಾತು ಅವನಿಗೂ ಸಿಕ್ಕಿತ್ತು.

ಬೇಸಿಗೆ ಮುಗಿಯುವ ಮೊದಲು ಮಜೀದ ಟಾಂಗಾ ಕಟ್ಟಿದ. ಕುದುರೆಯ ಬಾಯಿ ಅಷ್ಟರಲ್ಲಿ ಮಾಯ್ದಿತ್ತು. ಬರಿಗೈಯಲ್ಲಿ ಹೋಗಬಾರದೆಂದು ಸವಣೂರಿನ ಖಾರದ, ಅಂದರೆ ಕರಿದ ತಿನಿಸಿನ, ಒಂದು ದೊಡ್ಡ ಪೊಟ್ಟಣವನ್ನೂ ಇಟ್ಟುಕೊಂಡ. ಅಡಿವೆವ್ವ ಇಟ್ಟುಕೊಂಡದ್ದು ಒಂದು ಹಿಡಿ ಭಂಡಾರ, ಒಂದು ಸಿವುಡು ಒಣ ಕರಡ. ದಾರಿಯುದ್ದಕ್ಕೂ ಅವಳು ಏನು ಹೇಳಬೇಕೆಂದು ಒಳಗೇ ಉರುಹಾಕಿದಳು. ರಟ್ಟೀಹಳ್ಳಿಯ ಕದಂಬೇಶ್ವರ ಗುಡಿಯ ಶಿಖರ ಕಂಡಾಗ ಎಲ್ಲ ಮರೆತುಹೋಯಿತು.

ಹಟ್ಟಿಯಲ್ಲಿ ಮಾಳಪ್ಪ ಕುರಿಯ ಉಣ್ಣೆ ಕತ್ತರಿಸುತ್ತ ಕುಳಿತಿದ್ದ. ತಲೆ ಎತ್ತಲಿಲ್ಲ. ಅವನ ಹೆಂಡತಿ ಯಂಕವ್ವ ಹೊರಬಂದು, “ಯಾರ ಬಂದಾರ ನೋಡ,” ಎಂದಳು.

“ಕಂಡೇನಿ. ಕಾಲ ಮುರಿಯಾಕ ಇಷ್ಟ ದೂರ ಬಂದಾಳ.”

“ಕಾಲ ಮುರಿಯೂದಕ್ಕ ನನ್ನ ಟಾಂಗಾನ ಸಾಕಾಗಿತ್ತ ಮಾಳಪ್ಪಣ್ಣ. ನಿಮ್ಮೂರ ದಾರಿ ಹಂಗೈತಿ,” ಎಂದ ಮಜೀದ.

ಯಂಕವ್ವ ನಕ್ಕಳು. ಮಾಳಪ್ಪ ನಗಲಿಲ್ಲ.

“ಆಣಿ ಬಿಡಸಾಕ ಬಂದೇನಿ ಅಣ್ಣಾ,” ಎಂದಳು ಅಡಿವೆವ್ವ.

“ಯಾಕ? ಹುಲ್ಲ ಹೆಚ್ಚಾತೇನ?”

ಅವಳು ಸಿವುಡು ಬಿಚ್ಚಿ ನೆಲಕ್ಕೆ ಹಾಕಿದಳು. ದೊಡ್ಡ ಟಗರು ಆಸೆಯಿಂದ ಬಂದು ಮೂಸಿತು. ಮುಳ್ಳು ಮೂಗಿಗೆ ತಾಗಿರಬೇಕು, ಜೋರಾಗಿ ಸೀನಿ, ತಲೆ ಕೊಡವಿ, ತಿರುಗಿ ಹೋಯಿತು. ಮಾಳಪ್ಪನ ಕತ್ತರಿ ನಿಂತಿತು.

“ಈ ಟಗರ ಮಳಿಗಾಲದಾಗ ನನ್ನ ಕಂಬಳೀ ಸುದ್ದಾ ತಿಂತೈತಿ. ನಿನ್ನ ಹುಲ್ಲ ಒಲ್ಲೆ ಅಂತಲ್ಲಬೇ!”

ಎಲ್ಲರಿಗೂ ನಗೆ ಬಂತು, ಅಡಿವೆವ್ವನಿಗೂ. ನಗೆ ಮುಗಿದ ಮೇಲೆ ಮಾಳಪ್ಪ ತಗ್ಗಿದ ದನಿಯಲ್ಲಿ ಹೇಳಿದ. ಅವಳು ಅಟ್ಟಿದ ವರ್ಷ ಅವನಿಗೆ ಮೂಡಲ ದಾರಿ ತಪ್ಪಿತು. ಹಾನಗಲ್ಲ ಕಡೆಗೆ ಮಂದೆ ಹೊಡೆದ. ಅಲ್ಲಿ ಗದ್ದೆಯ ನೆಲ, ಎಲ್ಲಿ ನೋಡಿದರೂ ನೀರು. ಕುರಿಗಳ ಗೊರಸು ಕೊಳೆತವು. ಎಳೆಯ ಮರಿಗಳು ನಿಲ್ಲಲಾರದೆ ಮಲಗಿದವು, ಮಲಗಿದವು ಏಳಲಿಲ್ಲ. “ಯಂಕಿ ಒಂದೊಂದ ಮರೀನ ಮಡಲಾಗ ಹಾಕ್ಕೊಂಡ ಕುಂತಿದ್ಲು,” ಎಂದ. ಯಂಕವ್ವ ಒಳಗೆ ಹೋದಳು.

ನನಗೆ ಗೊತ್ತಿರಲಿಲ್ಲ ಎಂಬ ಮಾತು ಅಡಿವೆವ್ವನ ತುಟಿಗೆ ಬಂತು. ಅದನ್ನು ನುಂಗಿದಳು. ಗೊತ್ತಿರಲಿಲ್ಲ ನಿಜ, ಕೇಳಿಯೂ ಇರಲಿಲ್ಲವಲ್ಲ.

“ತಪ್ಪಾತು ಅಣ್ಣಾ. ಮಡ್ಡಿ ನನ್ನ ಒಬ್ಬಾಕೀದು ಅಂತ ತಿಳದಿದ್ದೆ.”

ಮಾಳಪ್ಪ ಕುರಿಯನ್ನು ಮಗ್ಗುಲು ಬದಲಿಸಿ ಮತ್ತೆ ಉಣ್ಣೆ ಕತ್ತರಿಸಿದ.  ಆಮೇಲೆ ಕೇಳಿದ: “ಕುರಿ ಬಂದ್ರ ಹುಲ್ಲ ತಿಂತಾವ. ನೆಲ ಬೋಳ ಆಕ್ಕೈತಿ. ಆಗ ಮತ್ತ ಬಾಯಿ ತಗೀತೀ ಏನ?”

“ತಗೀತೇನಿ. ಅದು ನನ್ನ ಕೈಯಾಗಿಲ್ಲ. ಆಣಿ ಮಾತ್ರ ಹಾಕೂದಿಲ್ಲ.”

ಈಗ ಮಾಳಪ್ಪ ನಕ್ಕ. ಮಾತು ಸಲೀಸಾಯಿತು. ಆರಿದ್ರಾ ಮಳೆಗೆ ಬರುವುದು. ಮೊದಲು ಸವಣೂರಿನ ಕಡೆ, ಆಮೇಲೆ ಮಡ್ಡಿಕೊಪ್ಪದ ಕಡೆ. ಮಂದೆ ಒಂದೇ ಜಾಗದಲ್ಲಿ ನಿಲ್ಲಬಾರದು. ಕರಡದ ದಂಟಿನಲ್ಲಿ ಗಣ್ಣು, ಅಂದರೆ ಗಂಟು, ಮೂಡಿದ ದಿನ, ತೆನೆ ಕಟ್ಟುವ ಮೊದಲೇ, ಕುರಿ ಹೊರಡಬೇಕು. ಅಲ್ಲಿಂದ ದಸರೆಯವರೆಗೆ ಯಾರೂ ಮುಟ್ಟಬಾರದು, ಕುರಿಯೂ ಇಲ್ಲ, ಕುಡಗೋಲೂ ಇಲ್ಲ. “ಮತ್ತ ಇನ್ನ ಮ್ಯಾಲ ನೀವು ಕಲ್ಲಿನ ಹಂತ್ಯಾಕ ಕೂಡಿದ್ರ ನನಗೂ ಎಲಿ ಅಡಿಕಿ ಇಡಬೇಕು,” ಎಂದ ಮಾಳಪ್ಪ. ಅದೊಂದನ್ನೇ ಅವನು ತನಗಾಗಿ ಕೇಳಿದ್ದು.

ಎಲ್ಲ ಮುಗಿದರೂ ಅವನು ಉಣ್ಣು ಎನ್ನಲಿಲ್ಲ. ಹೊತ್ತು ಇಳಿಯುತ್ತಿತ್ತು. ಮಜೀದ ಕೆಮ್ಮಿದ. ಅಡಿವೆವ್ವ ನೆಲ ನೋಡುತ್ತ ಕುಳಿತಿದ್ದಳು. ಕೊನೆಗೆ ಮಾಳಪ್ಪ ಒಳಗೆ ಮುಖ ಮಾಡಿ, “ಯಂಕೀ, ರೊಟ್ಟಿ ಬಡೀಬೇ. ಅವ್ವಗ ಹಸಿವ್ಯಾಗೇತಿ,” ಎಂದ.

“ಬಡದ ಆಗಲೇ ಆರಾಕತ್ತಾವ. ನೀ ಯಾವಾಗ ಅಂತೀ ಅಂತ ಕಾಯಾಕತ್ತಿದ್ದೆ,” ಎಂದು ಯಂಕವ್ವ ರೊಟ್ಟಿ, ಗುರೆಳ್ಳು ಚಟ್ನಿ ತಂದಿಟ್ಟಳು. ಅವಳ ಕಣ್ಣು ಕೆಂಪಾಗಿದ್ದವು, ಆದರೆ ಚಟ್ನಿಯ ಮೇಲೆ ಬೆಣ್ಣೆ ಇತ್ತು. “ಉಣ್ಣಬೇ ಅಕ್ಕಾ,” ಎಂದಳು. ಅಡಿವೆವ್ವ ರೊಟ್ಟಿ ಮುರಿದು ಬಾಯಿಗಿಟ್ಟಳು. ಉಂಡು ಕೈತೊಳೆದು ಟಗರಿನ ಹಣೆಗೆ ಭಂಡಾರ ಹಚ್ಚಿದಳು. ಆಣೆ ಹೋಯಿತು. ಸವಣೂರಿನ ಖಾರದ ಪೊಟ್ಟಣವನ್ನು ಹಟ್ಟಿಯ ಹೆಂಗಸರೆಲ್ಲ ಕೂಡಿ ಅಲ್ಲೇ ಮುಗಿಸಿದರು.

ಮೂರನೆಯ ವರ್ಷದ ಮಳೆಗೆ ಮಂದೆ ಬಂತು. ಅದಕ್ಕೂ ಮೊದಲು ಎರಡೂ ಕಡೆಯವರು ಕೂಡಿ ಹಳೆಯ ಕೊಳೆತ ಹುಲ್ಲನ್ನು ಕೆರೆದು ತೆಗೆದಿದ್ದರು. ಕುರಿಗಳು ಕರಡದ ಎಳೆ ಚಿಗುರನ್ನು ಸಾಲುಸಾಲಾಗಿ ಮೇಯ್ದವು. ನೆಲ ಬೋಳಾಯಿತು. ಅಡಿವೆವ್ವ ಮಾತು ಕೊಟ್ಟಂತೆ ಬಾಯಿ ತೆಗೆದಳು, ಮಾಳಪ್ಪನೂ ಮಾತು ಕೊಟ್ಟಂತೆ ನಕ್ಕ. ಊರವರು ಮಾತ್ರ ಅವಳನ್ನು ಆಡಿಕೊಂಡರು. “ಆಣಿ ಹಾಕಿ ಅಟ್ಟಿದಾಕೀನ ಅರಿಷಿಣ ಹಚ್ಚಿ ಕರಕೊಂಡ ಬಂದ್ಲು” ಎಂದು ಬಾವಿಯ ಕಟ್ಟೆಯಲ್ಲಿ ನಗೆಯಾಯಿತು.

ಗಣ್ಣು ಮೂಡಿದ ದಿನ ಮಾಳಪ್ಪ ತಾನಾಗಿಯೇ ಮಂದೆ ಎಬ್ಬಿಸಿದ. ಅವನು ಮಡ್ಡಿ ದಾಟುವ ಮೊದಲೇ, ಅಂದೇ ಮಧ್ಯಾಹ್ನ, ದಸರೆಯ ನಂತರ ಬರಬೇಕಾದ ಮಾಮಲೇದಾರರು ಬಂದುಬಿಟ್ಟರು. ಜೊತೆಗೆ ಅದೇ ದೊಡ್ಡ ರೈತ.

ಮಡ್ಡಿಕೊಪ್ಪದ ಕಡೆಯ ನೆಲ ಆಗಷ್ಟೇ ಮೇಯ್ದದ್ದು, ಬೋಳಾಗಿತ್ತು. “ಎಲ್ಲಿ ಅದವ್ವಾ ನಿನ್ನ ಹುಲ್ಲು?” ಎಂದರು ಮಾಮಲೇದಾರರು. ರೈತ ನಕ್ಕ. ಅಡಿವೆವ್ವ “ಹಿಂಗ ಬರ್ರಿ ಸಾಹೇಬ್ರ,” ಎಂದು ಮುಂದೆ ನಡೆದಳು. ಗಡಿಕಲ್ಲಿನ ಹತ್ತಿರದ ನೆಲಕ್ಕೆ ಕರೆದೊಯ್ದಳು. ಅದು ಸವಣೂರಿನ ಕಡೆಯಿಂದ ದಾಟಿ ಬಂದ ಮಂದೆ ಈಚೆ ಎಲ್ಲಕ್ಕಿಂತ ಮೊದಲು ಮೇಯ್ದು ಬಿಟ್ಟ ಜಾಗ. ಅಲ್ಲಿ ಎರಡನೆಯ ಚಿಗುರು ಗೇಣುದ್ದ ಎದ್ದಿತ್ತು. ಕರಕಿ ಹೆಣೆದುಕೊಂಡು ಕಂಬಳಿಯಂತೆ ದಟ್ಟವಾಗಿತ್ತು.

ಮಾಮಲೇದಾರರು ನೋಡುವ ಮೊದಲೇ ಅವರ ಕುದುರೆ ನೋಡಿತು. ತಲೆ ಬಗ್ಗಿಸಿ ಮೇಯತೊಡಗಿತು. ಅವರು ಲಗಾಮು ಎಳೆದರು, ಅದು ತಲೆ ಎತ್ತಲಿಲ್ಲ. ಮತ್ತೆ ಎಳೆದರು. ಕುದುರೆ ಒಂದು ಹೆಜ್ಜೆ ಮುಂದಿಟ್ಟು ಅಲ್ಲಿಯೂ ಮೇಯ್ದಿತು. ಕಲ್ಲಿನ ಆಚೆ ಟಾಂಗಾ ನಿಲ್ಲಿಸಿ ನೋಡುತ್ತಿದ್ದ ಮಜೀದ ತಡೆಯಲಾರದೆ, “ಸಾಹೇಬ್ರ, ನಿಮ್ಮ ಕುದುರಿ ತನ್ನ ಹುಕುಂ ಕೊಟ್ಬಿಟ್ಟೈತ್ರಿ,” ಎಂದ.

ಮಾಮಲೇದಾರರು ನಕ್ಕು ಕೆಳಗಿಳಿದರು. ಈ ಹುಲ್ಲು ಯಾರದು ಎಂದು ಕೇಳಿದರು. ಅಡಿವೆವ್ವ “ಮಾಳಪ್ಪಂದು” ಎಂದಳು, ಮಾಳಪ್ಪ “ಟಾಂಗಾದವರದು” ಎಂದ, ಮಜೀದ “ಅಕ್ಕಂದು” ಎಂದ. ಮೂವರೂ ಒಟ್ಟಿಗೇ ಅಂದದ್ದರಿಂದ ಅವರಿಗೆ ಏನೂ ತಿಳಿಯಲಿಲ್ಲವಂತೆ. ಆದರೆ ಅವರು ಅಲ್ಲಿಯೇ ಕಲ್ಲಿನ ಮೇಲೆ ಕುಳಿತು ಎಲ್ಲವನ್ನೂ ಕೇಳಿಸಿಕೊಂಡರು: ಯಾರು ಯಾವಾಗ ಬರುವುದು, ಯಾರು ಯಾವಾಗ ಕೊಯ್ಯುವುದು.

ಚಿಗರಿಮಡ್ಡಿ ಗಾಯರಾಣವಾಗಿಯೇ ಉಳಿಯಿತು. ಪೂರ್ತಿ ಉಳಿಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಕೆಳಗಿನ ಮೂಲೆಯ ಕರಿಮಣ್ಣಿನ ತುಂಡು ಸಾಗುವಳಿಗೆ ಹೋಯಿತು. ಅಲ್ಲಿ ಈಗ ಶೇಂಗಾ ಬೆಳೆಯುತ್ತಾರೆ. ಅದರ ಬದುವಿನಲ್ಲಿ ಹೋಗುವಾಗ ಅಡಿವೆವ್ವ ಇಂದಿಗೂ ಆ ಕಡೆ ನೋಡುವುದಿಲ್ಲ.

ಆಮೇಲೆ ಯುದ್ಧ ಮುಗಿಯಿತು, ಸ್ವಾತಂತ್ರ್ಯ ಬಂತು. ಮರುವರ್ಷ ಸವಣೂರು ಸಂಸ್ಥಾನವೂ ವಿಲೀನವಾಯಿತು. ಗಡಿಕಲ್ಲಿಗೆ ಕೆಲಸವಿಲ್ಲದಂತಾಯಿತು ಎಂದು ಜನ ಅಂದರು. ಅದು ನಿಜವಲ್ಲ. ಪ್ರತಿ ಮಳೆಗಾಲದ ಮೊದಲು ಮೂರೂ ಕಡೆಯವರು ಅದರ ಸುತ್ತಲೇ ಕೂಡುತ್ತಾರೆ. ಮಾಳಪ್ಪನಿಗೆ ಎಲೆ ಅಡಿಕೆ ಮೊದಲು ಇಡುತ್ತಾರೆ. ಆಮೇಲೆ ಅಡಿವೆವ್ವ ದಾರಿಯಲ್ಲಿ ನಿಂತು, ಟಗರಿನ ಹಣೆಗೆ ಭಂಡಾರ ಹಚ್ಚಿ, “ಬರ್ರಿ, ಮೇಯ್ಸ್ರಿ, ಗಣ್ಣು ಮೂಡಿದ್ರ ಹೊರಡ್ರಿ,” ಎಂದು ಗಟ್ಟಿಯಾಗಿ ಹೇಳುತ್ತಾಳೆ. ಅದನ್ನು ಹೇಳದೆ ಮಂದೆ ಒಳಗೆ ಕಾಲಿಡುವುದಿಲ್ಲ. ಚಿಗರಿಗಳು ತಿರುಗಿ ಬಂದಿವೆ. ಹಕ್ಕಿಗಳೂ ಬಂದಿವೆ.

ಈ ವರ್ಷ ಅಡಿವೆವ್ವನ ಮೊಣಕಾಲು ಬಾತಿದೆ, ಮಡ್ಡಿ ಏರಲು ಆಗುವುದಿಲ್ಲ. ನಿನ್ನೆ ಸಂಜೆ ಅವಳು ಭಂಡಾರದ ಗಂಟನ್ನು ನನ್ನ ಕೈಗೆ ಕೊಟ್ಟಳು. ನಾನು ಅವಳ ನೆರೆಮನೆಯವಳು, ಅಷ್ಟು ಮಂದಿಯ ಮುಂದೆ ದನಿ ಎತ್ತಿ ಮಾತಾಡಿದವಳಲ್ಲ. ಮಾಳಪ್ಪನ ಮಂದೆ ಹೊಳೆ ದಾಟಿದೆಯಂತೆ. ನಾಳೆ ಬೆಳಗ್ಗೆ ನಾನು ಮಡ್ಡಿಯ ಅಂಚಿನ ದಾರಿಯಲ್ಲಿ ನಿಂತು, ಟಗರಿಗೆ ಭಂಡಾರ ಹಚ್ಚಿ, ಆ ಮಾತನ್ನು ಎಲ್ಲರಿಗೂ ಕೇಳುವ ಹಾಗೆ ಹೇಳುತ್ತೇನೆ.